1977ರ ಅಮೆರಿಕವನ್ನು ಯಾವುದರಿಂದ ನೆನಪಿಡಬೇಕು?

ಅವೆನ್ಯೂ ರಸ್ತೆಯ ಗಿರಾಕಿ

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ, ಅಮೆರಿಕದ ಸುದ್ದಿ ವಾರಪತ್ರಿಕೆಯೊಂದರ 1977ರ ಸಂಚಿಕೆಗಳಿಗೆ ರಟ್ಟು ಹಾಕಿಸಿದ್ದ ಎರಡು ಸಂಪುಟಗಳು ಸಿಕ್ಕವು. ಒಂದರ ಬೆನ್ನನ್ನು ಗೆದ್ದಲು ತಿಂದಿತ್ತು. ಇನ್ನೊಂದರಲ್ಲಿ ಸಿನಿಮಾ ಪುಟಗಳನ್ನು ಯಾರೋ ಅಚ್ಚುಕಟ್ಟಾಗಿ ಕತ್ತರಿಸಿಕೊಂಡಿದ್ದರು. ಆ ವರ್ಷ ನಮ್ಮಲ್ಲಿ ತುರ್ತುಪರಿಸ್ಥಿತಿ ಮುಗಿದು, ಚುನಾವಣೆ ನಡೆದು, ಮೊರಾರ್ಜಿ ದೇಸಾಯಿಯವರು ಪ್ರಧಾನಿಯಾದರು. ಆ ಗದ್ದಲದ ನಡುವೆ ಅಮೆರಿಕದ ಸುದ್ದಿಗೆ ಇಲ್ಲಿ ಯಾರು ಕಿವಿಗೊಟ್ಟಿರಬೇಕು? ಹಾಗಾಗಿ ಹೊಸದಾಗಿಯೇ ಓದಿದ ಹಾಗಾಯಿತು.

1977 ಎಂದರೆ ಇವತ್ತು ಎರಡು ಮಾತು ಕೇಳಿಬರುತ್ತವೆ: ಮೇ 25ರಂದು ಬಿಡುಗಡೆಯಾದ ‘ಸ್ಟಾರ್ ವಾರ್ಸ್’ ಸಿನಿಮಾ, ಮತ್ತು ಆಗಸ್ಟ್ 16ರಂದು ಮೆಂಫಿಸ್‌ನಲ್ಲಿ 42ನೆಯ ವಯಸ್ಸಿಗೇ ತೀರಿಕೊಂಡ ಗಾಯಕ ಎಲ್ವಿಸ್ ಪ್ರೀಸ್ಲಿ. ಪುಟ ತಿರುವುತ್ತಾ ಹೋದ ನನಗೆ ಕಂಡದ್ದು ಬೇರೆ. ಜನವರಿಯಿಂದ ಡಿಸೆಂಬರ್‌ವರೆಗೆ ಪ್ರತಿ ಸಂಚಿಕೆಯಲ್ಲೂ ಒಂದಲ್ಲ ಒಂದು ರೂಪದಲ್ಲಿ ಎದುರಾಗುವುದು ಉರುವಲಿನ ಚಿಂತೆ. ಜನವರಿ 19ರಂದು, ತೆಂಗಿನ ಮರಗಳ ಊರಾದ ಮಯಾಮಿಯಲ್ಲಿ ಹಿಮದ ಹಳುಕುಗಳು ಉದುರಿದವು. ಅದೇ ತಿಂಗಳು ಸಿನ್ಸಿನಾಟಿಯ ಬಳಿ ಓಹಾಯೋ ನದಿ ಹೆಪ್ಪುಗಟ್ಟಿ, ಜನ ಅದರ ಮೇಲೆ ನಡೆದಾಡಿದರು. ಜನವರಿ 28ರಂದು ಬಫಲೋ ನಗರದ ಮೇಲೆ ಬಿರುಗಾಳಿ ಎರಗಿತು. ಈರಿ ಸರೋವರ ಆಗಲೇ ಹೆಪ್ಪುಗಟ್ಟಿದ್ದುದರಿಂದ ಅದರ ಮೇಲೆ ವಾರಗಟ್ಟಲೆ ಶೇಖರವಾಗಿದ್ದ ಹಿಮವನ್ನೆಲ್ಲ ಗಾಳಿ ಊರಿನೊಳಕ್ಕೆ ತಂದು ಸುರಿಯಿತು. ಹೂತುಹೋದ ಕಾರುಗಳ ಒಳಗೇ ಕೆಲವರು ಸತ್ತರು.

ಆ ಚಳಿಯ ನಡುವೆ ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡವರು ಜಿಮ್ಮಿ ಕಾರ್ಟರ್. ಫೆಬ್ರವರಿ 2ರ ಸಂಜೆ ಅವರು ಶ್ವೇತಭವನದಲ್ಲಿ ಬೆಂಕಿಗೂಡಿನ ಪಕ್ಕ, ಕೋಟಿನ ಬದಲು ಮಾಸಲು ಹಳದಿಯ ಉಣ್ಣೆ ಸ್ವೆಟರ್ ತೊಟ್ಟು ಕುಳಿತು ಟೆಲಿವಿಷನ್ನಿನಲ್ಲಿ ದೇಶದೊಂದಿಗೆ ಮಾತನಾಡಿದರು. ಮನೆಯ ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟನ್ನು ಹಗಲಿನಲ್ಲಿ 65 ಡಿಗ್ರಿಗೂ ರಾತ್ರಿ 55 ಡಿಗ್ರಿಗೂ ಇಳಿಸಿಕೊಂಡರೆ ನೈಸರ್ಗಿಕ ಅನಿಲದ ಕೊರತೆಯಲ್ಲಿ ಅರ್ಧ ನೀಗುತ್ತದೆ ಎಂದರು. ಫ್ಯಾರನ್‌ಹೀಟ್ ಲೆಕ್ಕವದು; ನಮ್ಮ ಲೆಕ್ಕದಲ್ಲಿ ಹಗಲು ಹದಿನೆಂಟು, ರಾತ್ರಿ ಹದಿಮೂರು. ಏಪ್ರಿಲ್ 18ರಂದು ಮತ್ತೆ ಬಂದು, ಇಂಧನ ಉಳಿತಾಯವು ನೈತಿಕವಾಗಿ ಯುದ್ಧಕ್ಕೆ ಸಮನಾದ ಪ್ರಯತ್ನ ಎಂದು ಸಾರಿದರು. ಅವರ ‘ಮಾರಲ್ ಈಕ್ವಿವಲೆಂಟ್ ಆಫ್ ವಾರ್’ ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳನ್ನು ಕೂಡಿಸಿದರೆ ‘ಮಿಯಾಂವ್’ ಎಂದಾಗುತ್ತದೆ ಎಂದು ಕುಹಕಿಗಳು ಕಂಡುಹಿಡಿದದ್ದೇ ತಡ, ಆ ಬೆಕ್ಕು ಅವರ ಬೆನ್ನು ಬಿಡಲಿಲ್ಲ. ಜುಲೈ 28ರಂದು ಅಲಾಸ್ಕದ 800 ಮೈಲಿ ಉದ್ದದ ಕೊಳವೆಯ ಮೂಲಕ ಮೊದಲ ಎಣ್ಣೆ ವಾಲ್ಡೀಜ್ ಬಂದರನ್ನು ಮುಟ್ಟಿತು. ಅಕ್ಟೋಬರ್ 1ರಿಂದ ಇಂಧನಕ್ಕೆಂದೇ ಹೊಸ ಇಲಾಖೆ ಕೆಲಸ ಆರಂಭಿಸಿತು.

ಆ ವರ್ಷದ ಅಮೆರಿಕನ್ನರು ನಿಜವಾಗಿ ಬದುಕಿದ್ದು ಥರ್ಮೋಸ್ಟಾಟಿನ ಮುಳ್ಳನ್ನು ನೋಡುತ್ತ, ಉಳಿದದ್ದನ್ನೆಲ್ಲ ಅದರ ಸುತ್ತ ನೋಡಬೇಕು ಎಂಬುದು ನನ್ನ ವಾದ. ಅಲ್ಲಿ ಆಗ ಇದ್ದವರು, ಅಥವಾ ಒಪ್ಪದವರು, ದಯವಿಟ್ಟು ಬರೆಯಿರಿ.

ಓಹಾಯೋ ಅಜ್ಜಿ

ನಿಮ್ಮ ಬರಹವನ್ನು ಮೊಮ್ಮಗಳು ಓದಿ ಹೇಳಿದಳು. ನಾನು ಹೇಳುತ್ತಿದ್ದೇನೆ, ಬೆರಳಚ್ಚು ಅವಳದು.

ಸಾಗರದಿಂದ ಮದುವೆಯಾಗಿ ನಾನು ಓಹಾಯೋದ ಕೊಲಂಬಸ್ಸಿಗೆ ಬಂದಿಳಿದದ್ದು 1976ರ ನವೆಂಬರಿನಲ್ಲಿ. ನಮ್ಮವರು ಗಾಜಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದರು. ಕುಲುಮೆ ಉರಿಯುವುದಕ್ಕೆ ಅನಿಲವೇ ಬೇಕಾದ್ದರಿಂದ ಜನವರಿ ಕೊನೆಗೆ ಕಾರ್ಖಾನೆ ಬಾಗಿಲು ಹಾಕಿತು, ಅವರು ಎರಡು ವಾರ ಮನೆಯಲ್ಲೇ ಕುಳಿತರು. ಮದುವೆಯಾದ ಮೇಲೆ ಒಬ್ಬರನ್ನೊಬ್ಬರು ಸರಿಯಾಗಿ ನೋಡಿದ್ದೇ ಆವಾಗ ಎಂದು ಅವರು ಆಮೇಲೆ ಹೇಳುತ್ತಿದ್ದರು. ಊರಿನ ಸರ್ಕಾರಿ ಶಾಲೆಗಳನ್ನು ಫೆಬ್ರವರಿ ತಿಂಗಳಿಡೀ ಮುಚ್ಚಿದರು. ಪಾಠವನ್ನು ಟೆಲಿವಿಷನ್, ರೇಡಿಯೋ ಮತ್ತು ಪತ್ರಿಕೆಗಳಲ್ಲಿ ಕೊಟ್ಟು, ಕಲ್ಲಿದ್ದಲಿನಿಂದಲೋ ವಿದ್ಯುತ್ತಿನಿಂದಲೋ ಬೆಚ್ಚಗಾಗುವ ಕೆಲವು ಕಟ್ಟಡಗಳಿಗೆ ಮಕ್ಕಳನ್ನು ವಾರಕ್ಕೆ ಒಂದು ದಿನ ಮಾತ್ರ ಕರೆಸುತ್ತಿದ್ದರು. ಕೊರೊನಾ ಕಾಲದಲ್ಲಿ ಮೊಮ್ಮಕ್ಕಳು ಕಂಪ್ಯೂಟರ್ ಮುಂದೆ ಕುಳಿತಾಗ ಎಲ್ಲರೂ ಇದು ಎಂದೂ ಆಗದ್ದು ಎಂದರು. ನಾನು ಇದನ್ನು ಒಮ್ಮೆ ನೋಡಿದ್ದೇನೆ ಎಂದರೆ ಯಾರೂ ನಂಬಲಿಲ್ಲ.

ಕಾರ್ಟರ್ ಅವರ 55 ಡಿಗ್ರಿಯನ್ನು ನಾನು ಮರೆಯುವ ಹಾಗೆಯೇ ಇಲ್ಲ, ಏಕೆಂದರೆ ಆ ಚಳಿಯಲ್ಲಿ ಇಡ್ಲಿ ಹಿಟ್ಟು ಹುದುಗುವುದಿಲ್ಲ. ಉದ್ದಿನಬೇಳೆ ನ್ಯೂಯಾರ್ಕಿನಿಂದ ಅಂಚೆಯಲ್ಲಿ ಬರುತ್ತಿತ್ತು, ಚಿನ್ನದ ಹಾಗೆ ಎತ್ತಿಡುತ್ತಿದ್ದೆವು. ಬ್ಲೆಂಡರಿನಲ್ಲಿ ತಿರುವಿ ಪಾತ್ರೆಗೆ ಹಾಕಿ ಮುಚ್ಚಿಟ್ಟರೆ ಬೆಳಗ್ಗೆ ಹೇಗಿಟ್ಟಿದ್ದೆನೋ ಹಾಗೇ ಇರುತ್ತಿತ್ತು, ಒಂದು ಗುಳ್ಳೆ ಸಹ ಇಲ್ಲ. ಮೂರನೆಯ ದಿನ ಅದನ್ನೇ ಬೇಯಿಸಿದೆ. ನಮ್ಮವರು ಒಂದನ್ನು ಕೈಯಲ್ಲಿ ಹಿಡಿದು, ಇದನ್ನು ಕಾರ್ಖಾನೆಗೆ ಕೊಂಡೊಯ್ದು ಗಟ್ಟಿತನ ಪರೀಕ್ಷೆ ಮಾಡಿಸಬಹುದು ಎಂದರು. ನಾನು ಅತ್ತುಬಿಟ್ಟೆ. ಉಪಾಯ ಹೇಳಿಕೊಟ್ಟದ್ದು ಕೆಳಗಿನ ಮನೆಯಲ್ಲಿದ್ದ ಕರಿಯ ಹೆಂಗಸು, ಅವರು ಬ್ರೆಡ್ಡಿನ ಹಿಟ್ಟಿಗೆ ಅದನ್ನೇ ಮಾಡುತ್ತಿದ್ದರು. ಆ ಕಾಲದ ಗ್ಯಾಸ್ ಒಲೆಯ ಓವನ್ನಿನೊಳಗೆ ಪೈಲಟ್ ಎಂಬ ಸಣ್ಣ ಕುಡಿ ಹಗಲೂ ರಾತ್ರಿಯೂ ಉರಿಯುತ್ತಿರುತ್ತದೆ. ಓವನ್ ಹಚ್ಚದೆ ಪಾತ್ರೆಯನ್ನು ಸುಮ್ಮನೆ ಒಳಗಿಟ್ಟರೆ ಆ ಕಾವೇ ಸಾಕು. ಮರುದಿನ ಬಾಗಿಲು ತೆಗೆದರೆ ಹಿಟ್ಟು ಉಕ್ಕಿ ಮುಚ್ಚಳವನ್ನೇ ಎತ್ತಿತ್ತು. ಮೊಸರಿಗೆ ಹೆಪ್ಪು ಹಾಕಿದರೂ ಅಲ್ಲೇ. ದೇಶಕ್ಕೆಲ್ಲ ಅನಿಲ ಇಲ್ಲದಿರುವಾಗ ಆ ಕುಡಿ ಯಾರಿಗೂ ಬೇಡದೆ ಉರಿಯುತ್ತಿತ್ತಲ್ಲ ಎಂದು ಆಗ ನನಗೆ ಹೊಳೆಯಲಿಲ್ಲ.

ಇನ್ನು ಆ ಕೆಳಗಿನ ಮನೆಯಲ್ಲಿಯೇ ನಾವು ಗುಲಾಮಗಿರಿಯ ಕಥೆಯ ‘ರೂಟ್ಸ್’ ಧಾರಾವಾಹಿಯನ್ನು ನೋಡಿದ್ದು. ಜನವರಿ 23ರಿಂದ 30ರವರೆಗೆ ಎಂಟು ರಾತ್ರಿ, ಒಂದೂ ತಪ್ಪದೆ. ಅವರ ಮನೆಯಲ್ಲಿ ಹದಿನಾರು ಜನ ಸೇರಿದ್ದೆವು, ಕಂಬಳಿ ಹೊದ್ದು. ಆಫ್ರಿಕದಿಂದ ಹಿಡಿದು ತಂದ ಹುಡುಗನನ್ನು ಅವನ ಹೆಸರು ಬಿಡುವವರೆಗೂ ಕಟ್ಟಿ ಹೊಡೆಯುವ ದೃಶ್ಯ ಬಂದಾಗ ಆ ಹೆಂಗಸಿನ ಅತ್ತೆ ಎದ್ದು ಅಡುಗೆಮನೆಗೆ ಹೋದರು. ಯಾರೂ ಹಿಂದೆ ಹೋಗಲಿಲ್ಲ. ನನಗೆ ಇಂಗ್ಲಿಷು ಅರ್ಧ ತಿಳಿಯುತ್ತಿತ್ತು. ಅದನ್ನು ತಿಳಿಯುವುದಕ್ಕೆ ಇಂಗ್ಲಿಷು ಬೇಕಾಗಿರಲಿಲ್ಲ.

ಕುತೂಹಲಿ

ಅಮ್ಮ, ಬಹಳ ಚೆನ್ನಾಗಿ ಹೇಳಿದ್ದೀರಿ. ಒಂದು ಸಂದೇಹ: ಟೆಕ್ಸಸ್, ಲೂಸಿಯಾನಾಗಳಲ್ಲಿ ಅಷ್ಟೊಂದು ಅನಿಲ ಇಟ್ಟುಕೊಂಡ ದೇಶಕ್ಕೆ ಅನಿಲದ ಕೊರತೆ ಹೇಗೆ ಬಂತು? ಅರಬರ ತೈಲ ನಿರ್ಬಂಧ 1973ರದಲ್ಲವೇ?

ನಿವೃತ್ತ ಕೆಇಬಿ

ಎಣ್ಣೆಯ ಕಥೆಯೇ ಬೇರೆ, ಅನಿಲದ ಕಥೆಯೇ ಬೇರೆ. ಅಲ್ಲಿನವರೇ ಎರಡನ್ನೂ ಕಲಸುತ್ತಿದ್ದರು. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಕೊಳವೆಯಲ್ಲಿ ಹೋಗುವ ಅನಿಲಕ್ಕೆ, 1954ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, ಬಾವಿಯ ಬಾಯಲ್ಲೇ ದರ ಗೊತ್ತುಮಾಡುವ ಅಧಿಕಾರ ಕೇಂದ್ರದ ಆಯೋಗಕ್ಕೆ ಬಂತು. ಹುಟ್ಟಿದ ರಾಜ್ಯದೊಳಗೇ ಮಾರಾಟವಾಗುವ ಅನಿಲಕ್ಕೆ ಆ ಕಟ್ಟು ಇರಲಿಲ್ಲ. ಎಪ್ಪತ್ತರ ದಶಕದಲ್ಲಿ ಒಳಗಿನ ದರ ಏರಿತು, ಹೊರಗೆ ಕಳುಹಿಸುವ ದರ ಕೆಳಗೇ ಉಳಿಯಿತು. ಮಾರುವವನು ಎಲ್ಲಿ ಮಾರುತ್ತಾನೆ? ಟೆಕ್ಸಸ್ಸಿನಲ್ಲಿ ಅನಿಲ ಧಾರಾಳವಾಗಿರುವಾಗಲೇ ಓಹಾಯೋ, ಪೆನ್ಸಿಲ್ವೇನಿಯಾ, ನ್ಯೂಯಾರ್ಕ್‌ಗಳಲ್ಲಿ ಕಾರ್ಖಾನೆಗಳು ಮುಚ್ಚಿದವು. ಮೊದಲು ಮನೆ, ಆಸ್ಪತ್ರೆ; ಆಮೇಲೆ ಶಾಲೆ, ಕಾರ್ಖಾನೆ ಎಂಬ ಸರದಿ ಇದ್ದುದರಿಂದಲೇ ಅಜ್ಜಿಯವರ ಒಲೆಯ ಪೈಲಟ್ ಉರಿಯುತ್ತಿತ್ತು, ಯಜಮಾನರ ಕುಲುಮೆ ಆರಿತ್ತು. ಕಾರ್ಟರ್ ಅವರು ಸ್ವೆಟರ್ ತೊಟ್ಟು ಮಾತನಾಡಿದ ದಿನವೇ, ಇದ್ದ ಕಡೆಯಿಂದ ಇಲ್ಲದ ಕಡೆಗೆ ಅನಿಲ ಹರಿಸುವ ತುರ್ತು ಕಾಯಿದೆಗೂ ಸಹಿ ಹಾಕಿದ್ದರು. ಆದರೆ ಜನಕ್ಕೆ ಉಳಿದದ್ದು ಸ್ವೆಟರಿನ ನೆನಪು ಮಾತ್ರ.

ಮೂಡಿಗೆರೆ ತೋಟ

ಥರ್ಮೋಸ್ಟಾಟಿನ ಪಕ್ಕದಲ್ಲಿ ಒಂದು ಕಾಫಿ ಲೋಟವನ್ನೂ ಇಡಿ ಎಂದು ಕೇಳಿಕೊಳ್ಳುತ್ತೇನೆ. 1975ರ ಜುಲೈನಲ್ಲಿ ಬ್ರೆಜಿಲ್‌ನ ಪರಾನಾ ಪ್ರಾಂತ್ಯದಲ್ಲಿ ಒಂದು ರಾತ್ರಿ ಇಬ್ಬನಿಯೇ ಹೆಪ್ಪುಗಟ್ಟುವಂಥ ಚಳಿಗೆ ಕಾಫಿ ಗಿಡಗಳು ಬುಡಸಮೇತ ಕರಕಾದವು. ಹೊಸ ಗಿಡ ನೆಟ್ಟು ಫಸಲು ಕೈಗೆ ಬರಲು ಮೂರು ನಾಲ್ಕು ವರ್ಷ ಬೇಕು ಎಂಬುದು ತೋಟದವರಿಗೆ ಹೇಳಬೇಕಾದ ಮಾತಲ್ಲ. ಗೋದಾಮಿನ ದಾಸ್ತಾನು ಕರಗುತ್ತ ಕರಗುತ್ತ ಪೆಟ್ಟು ಪೂರ್ತಿಯಾಗಿ ತಗುಲಿದ್ದು 1977ರ ಆರಂಭದಲ್ಲಿ. ಅಮೆರಿಕದ ಅಂಗಡಿಗಳಲ್ಲಿ ಕಾಫಿಪುಡಿಯ ಬೆಲೆ ಪೌಂಡಿಗೆ 3 ಡಾಲರ್ ದಾಟಿತು, ಎರಡು ವರ್ಷದ ಹಿಂದಿನದಕ್ಕೆ ದುಪ್ಪಟ್ಟಿಗೂ ಮೇಲೆ. ಗ್ರಾಹಕರ ಸಂಘಟನೆಗಳು ಕಾಫಿ ಬಹಿಷ್ಕಾರಕ್ಕೆ ಕರೆಕೊಟ್ಟವು. ಎಷ್ಟೋ ಮನೆಗಳು ಚಹಾಕ್ಕೆ ತಿರುಗಿದವು. ಚಳಿಯಲ್ಲಿ ಮನೆಯನ್ನೂ ತಣ್ಣಗಿಡಿ, ಕಾಫಿಯನ್ನೂ ಬಿಡಿ ಎಂದರೆ ಆ ಜನ ಎಷ್ಟು ಬೈದುಕೊಂಡಿರಬೇಡ!

ನಮ್ಮ ಕಡೆ ಆಗ ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೇ ಒಪ್ಪಿಸಬೇಕಿತ್ತು. ಕಾಫಿಯ ದರ್ಜೆಗೆ ಕೊಟ್ಟ ಅಂಕದ ಲೆಕ್ಕದಲ್ಲಿ ಹಣ ಕಂತು ಕಂತಾಗಿ ಬರುತ್ತಿತ್ತು. ಆ ಸಾಲಿನ ಕಂತುಗಳು ನಮ್ಮ ತಂದೆ ಎಣಿಸಿದ್ದಕ್ಕಿಂತ ಹೆಚ್ಚಿಗೆ ಬಂದವು. ನಮ್ಮ ಮನೆಯ ಹಿಂಬದಿಯ ಎರಡು ಕೋಣೆಗಳಿಗೆ ಈಗಲೂ ಬ್ರೆಜಿಲ್ ಕೋಣೆ ಎಂದೇ ಹೆಸರು.

ಬೆಳ್ಳಿಪರದೆ

ಎಲ್ಲರ ಮಾತಿಗೂ ಗೌರವವಿಟ್ಟೇ ಹೇಳುತ್ತೇನೆ, ಸ್ಟಾರ್ ವಾರ್ಸನ್ನು ಹೀಗೆ ಒಂದು ಸಾಲಿನಲ್ಲಿ ತಳ್ಳಿಹಾಕಬಾರದು. ಅದು ಮೊದಲ ದಿನ ತೆರೆಕಂಡದ್ದು ದೇಶಕ್ಕೆಲ್ಲ ಸೇರಿ ಕೇವಲ 32 ಚಿತ್ರಮಂದಿರಗಳಲ್ಲಿ. ನಿರ್ಮಿಸಿದ ಸಂಸ್ಥೆಗೇ ಭರವಸೆ ಇರಲಿಲ್ಲ. ವಿಯೆಟ್ನಾಂ, ವಾಟರ್‌ಗೇಟ್‌ಗಳಿಂದ ಬಸವಳಿದ ಜನಕ್ಕೆ ಒಳ್ಳೆಯವರು ಯಾರು, ಕೆಟ್ಟವರು ಯಾರು ಎಂಬುದನ್ನು ಉಡುಪಿನ ಬಣ್ಣದಿಂದಲೇ ಹೇಳುವ ಚಿತ್ರ ಸಿಕ್ಕಿತು. ಸರತಿಸಾಲು ಬೀದಿಯ ತಿರುವು ದಾಟಿತು.

ನನಗೆ ಇನ್ನೂ ಸ್ವಾರಸ್ಯವೆನಿಸುವುದು ಕ್ರಿಸ್‌ಮಸ್ಸಿನ ಕಥೆ. ಆಟಿಕೆ ತಯಾರಿಸುವ ಹಕ್ಕು ಪಡೆದಿದ್ದ ಕೆನ್ನರ್ ಕಂಪನಿಗೆ ಇಷ್ಟು ಬೇಡಿಕೆ ಬರುವ ಅಂದಾಜೇ ಇರಲಿಲ್ಲ. ಡಿಸೆಂಬರ್ ಹೊತ್ತಿಗೆ ಬೊಂಬೆಗಳು ತಯಾರಾಗಲಿಲ್ಲ. ಅವರು ಮಾಡಿದ್ದೇನೆಂದರೆ ಖಾಲಿ ಡಬ್ಬಿಯನ್ನೇ ಮಾರಿದರು! ಚಿತ್ರ ಮುದ್ರಿಸಿದ ರಟ್ಟಿನ ಲಕೋಟೆ, ಒಳಗೆ ಒಂದು ಪ್ರಮಾಣಪತ್ರ. ಅದನ್ನು ತುಂಬಿ ಅಂಚೆಗೆ ಹಾಕಿದರೆ ಮುಂದಿನ ವರ್ಷ ನಾಲ್ಕು ಬೊಂಬೆಗಳು ಬರುತ್ತವೆ ಎಂಬ ವಾಗ್ದಾನ. ಹಬ್ಬದ ಬೆಳಗ್ಗೆ ಕಾಗದ ಹರಿದು ನೋಡಿದ ಮಗುವಿನ ಮುಖವನ್ನು ಕಲ್ಪಿಸಿಕೊಳ್ಳಿ. ಥರ್ಮೋಸ್ಟಾಟ್ ಇಳಿಸಿರಿ ಎಂದ ಅಧ್ಯಕ್ಷರ ಮಾತಿಗಿಂತ ಆ ಲಕೋಟೆಯ ಮೇಲೆ ಜನಕ್ಕೆ ನಂಬಿಕೆ ಹೆಚ್ಚಿತ್ತು.

ಅವೆನ್ಯೂ ರಸ್ತೆಯ ಗಿರಾಕಿ

ತಳ್ಳಿಹಾಕಿಲ್ಲ ಸ್ವಾಮಿ. ನನ್ನ ಸಂಪುಟದಲ್ಲಿ ಆ ಪುಟಗಳೇ ಇಲ್ಲವೆಂದೆನಲ್ಲ! ಆದರೆ ಅಜ್ಜಿಯವರ ಮಾತಿನಿಂದ ಒಂದು ಅನುಮಾನ ಮೂಡಿದೆ. ‘ರೂಟ್ಸ್’ನ ಕೊನೆಯ ರಾತ್ರಿ ಸುಮಾರು ಹತ್ತು ಕೋಟಿ ಜನ ಟೆಲಿವಿಷನ್ ಮುಂದೆ ಕುಳಿತಿದ್ದರು. ಅಷ್ಟು ಜನ ಮನೆಯಲ್ಲೇ ಇದ್ದುದರಲ್ಲಿ ಆ ವಾರದ ಬಿರುಗಾಳಿಯ ಪಾಲೂ ಇರಬಹುದಲ್ಲವೇ? ಬಫಲೋ ಹೂತುಹೋದದ್ದು ಧಾರಾವಾಹಿಯ ಆರನೆಯ ದಿನ.

ಕ್ವೀನ್ಸ್ ವಾಸಿ

ಹೊರಗೆ ಹಿಮ ಬಿತ್ತು ಎಂಬುದಕ್ಕೆ ಹತ್ತು ಕೋಟಿ ಜನ ಗುಲಾಮಗಿರಿಯ ಕಥೆಯನ್ನು ನೋಡಿದರು ಎನ್ನುವುದನ್ನು ನಾನು ಒಪ್ಪಲಾರೆ. ಚಳಿ ಕ್ಯಾಲಿಫೋರ್ನಿಯದಲ್ಲಿ ಇರಲಿಲ್ಲ, ಅಲ್ಲೂ ಜನ ನೋಡಿದರು. ಧಾರಾವಾಹಿಗೆ ಮೂಲವಾದ ಅಲೆಕ್ಸ್ ಹೇಲಿಯವರ ಪುಸ್ತಕ ಹಿಂದಿನ ವರ್ಷವೇ ಬಂದು ಮನೆಮಾತಾಗಿತ್ತು. ಅದರಲ್ಲಿ ಬೇರೊಬ್ಬರ ಕಾದಂಬರಿಯಿಂದ ತೆಗೆದುಕೊಂಡ ಭಾಗಗಳಿದ್ದವೆಂಬ ಮೊಕದ್ದಮೆ 1978ರಲ್ಲಿ ರಾಜಿಯಲ್ಲಿ ಮುಗಿಯಿತು, ಅದು ನಿಜ. ಆದರೂ ಕರಿಯ ಕುಟುಂಬವೊಂದರ ಹಲವು ತಲೆಮಾರಿನ ಕಥೆಯನ್ನು ಇಡೀ ದೇಶ ಒಟ್ಟಿಗೆ ಕುಳಿತು ನೋಡಿದ್ದು ಅದೇ ಮೊದಲು. ಎಲ್ಲವನ್ನೂ ಉರುವಲಿಗೆ ತಂದು ಕಟ್ಟಬೇಡಿ.

ನಿಮ್ಮ ವಾದಕ್ಕೆ ಬಲ ಬರುವ ಘಟನೆ ಜುಲೈನದು ಎಂದು ನೀವು ಹೇಳುತ್ತೀರಿ ಎಂದು ಕಾಯುತ್ತಿದ್ದೆ. ನಾನು ಆಗ ಕ್ವೀನ್ಸ್‌ನ ಫ್ಲಶಿಂಗ್‌ನಲ್ಲಿದ್ದೆ. ಜುಲೈ 4ರಂದು ನಮ್ಮ ಬೌನ್ ಬೀದಿಯ ಗಣಪತಿ ದೇವಸ್ಥಾನದ ಕುಂಭಾಭಿಷೇಕವಾಯಿತು. ಹಳೆಯ ರಷ್ಯನ್ ಚರ್ಚಿನ ಜಾಗದಲ್ಲಿ, ಭಾರತದಲ್ಲಿ ಕೆತ್ತಿಸಿ ತಂದ ಕಲ್ಲುಗಳಿಂದ ಕಟ್ಟಿದ ಗುಡಿ. ಅಮೆರಿಕದ ಸ್ವಾತಂತ್ರ್ಯ ದಿನದ ರಜೆಯಾದ್ದರಿಂದ ದೂರದ ಊರುಗಳಿಂದಲೂ ಜನ ಬಂದಿದ್ದರು. ಆಮೇಲೆ ಒಂಬತ್ತನೆಯ ದಿನ, ಜುಲೈ 13ರ ಬುಧವಾರ ರಾತ್ರಿ ಒಂಬತ್ತೂವರೆ ದಾಟಿದ್ದಷ್ಟೇ, ಇಡೀ ನಗರ ಕತ್ತಲಾಯಿತು. ನಮ್ಮಿಂದ ಕೂಗಳತೆಯ ಶೇ ಕ್ರೀಡಾಂಗಣದಲ್ಲಿ ಬೇಸ್‌ಬಾಲ್ ಪಂದ್ಯ ನಡೆಯುತ್ತಿತ್ತು. ಆಟಗಾರ ಬ್ಯಾಟ್ ಎತ್ತಿದ್ದಂತೆಯೇ ದೀಪ ಹೋಯಿತು. ನಮ್ಮ ಮನೆಯಲ್ಲಿ ದೇವರ ಮುಂದಿನ ನಂದಾದೀಪವನ್ನೇ ಕೈಯಲ್ಲಿ ಹಿಡಿದು ಮೂರು ಮಹಡಿ ಇಳಿದು ಮುದುಕರೊಬ್ಬರಿಗೆ ದಾರಿ ತೋರಿಸಿದ್ದು ನೆನಪಿದೆ.

ನಮ್ಮ ಬೀದಿಯಲ್ಲಿ ಐಸ್‌ಕ್ರೀಂ ಅಂಗಡಿಯವನು ಕರಗುವ ಮುನ್ನ ಮಕ್ಕಳಿಗೆ ಹಂಚಿದ. ಅದೇ ರಾತ್ರಿ ಬ್ರೂಕ್ಲಿನ್‌ನ ಬುಷ್‌ವಿಕ್‌ನಲ್ಲಿ ಅಂಗಡಿಗಳ ಸಾಲಿಗೆ ಸಾಲೇ ಉರಿಯುತ್ತಿತ್ತು. ನಗರದಲ್ಲಿ 1,616 ಅಂಗಡಿಗಳು ಲೂಟಿಯಾದವು ಇಲ್ಲವೇ ಹಾಳಾದವು, ಸಾವಿರಕ್ಕೂ ಹೆಚ್ಚು ಕಡೆ ಬೆಂಕಿ, 3,776 ಜನರ ಬಂಧನ. ಬ್ರಾಂಕ್ಸ್‌ನ ಒಂದು ಮಳಿಗೆಯಿಂದ 50 ಹೊಸ ಕಾರುಗಳನ್ನೇ ಓಡಿಸಿಕೊಂಡು ಹೋದರು. 1965ರಲ್ಲೂ ಹೀಗೆಯೇ ಕತ್ತಲಾಗಿತ್ತು. ಆಗ ನ್ಯೂಯಾರ್ಕಿನವರು ಶಾಂತವಾಗಿದ್ದರು ಎಂದು ಊರೇ ಹೊಗಳಿತ್ತು. ವಿದ್ಯುತ್ ಎರಡು ಸಲವೂ ಒಂದೇ ರೀತಿ ಹೋಯಿತಷ್ಟೆ. ನಡುವೆ ಬದಲಾದದ್ದು ಊರು. 1975ರಲ್ಲಿ ನಗರ ದಿವಾಳಿಯ ಅಂಚಿಗೆ ಬಂದು ಪೊಲೀಸರನ್ನೂ ಅಗ್ನಿಶಾಮಕರನ್ನೂ ಸಾವಿರಗಟ್ಟಲೆ ಮನೆಗೆ ಕಳುಹಿಸಿತ್ತು. ಬಡವರ ಕೇರಿಗಳಲ್ಲಿ ಯುವಕರಿಗೆ ಕೆಲಸವಿರಲಿಲ್ಲ. ಸೆಖೆ ಬೇರೆ. ಜೊತೆಗೆ, ‘ಸನ್ ಆಫ್ ಸ್ಯಾಮ್’ ಎಂದು ಪತ್ರ ಬರೆದು ಯುವಜೋಡಿಗಳನ್ನು ಗುಂಡಿಟ್ಟು ಕೊಲ್ಲುತ್ತಿದ್ದವನು ಇನ್ನೂ ಸಿಕ್ಕಿಬಿದ್ದಿರಲಿಲ್ಲ. ಅವನನ್ನು ಹಿಡಿದದ್ದು ಆಗಸ್ಟ್ 10ರಂದು. ಆ ಬೇಸಿಗೆಯಲ್ಲಿ ಕ್ವೀನ್ಸ್‌ನ ಹುಡುಗಿಯರು ಉದ್ದ ಕೂದಲನ್ನು ಕತ್ತರಿಸಿಕೊಂಡು ಹೊರಗೆ ಹೋಗುತ್ತಿದ್ದರು, ಕೊಲೆಯಾದವರಲ್ಲಿ ಉದ್ದ ಕೂದಲಿನವರೇ ಹೆಚ್ಚು ಎಂಬ ಭಯಕ್ಕೆ.

ಅದಕ್ಕಾಗಿಯೇ ಹೇಳುತ್ತೇನೆ: ಕತ್ತಲಲ್ಲಿ ಅಂಗಡಿ ಒಡೆದವನು ಥರ್ಮೋಸ್ಟಾಟ್ ನೋಡುತ್ತಿರಲಿಲ್ಲ. ಅವನ ಮನೆಯಲ್ಲಿ ಅದು ಇರಲೂ ಇಲ್ಲ.

ನಿವೃತ್ತ ಕೆಇಬಿ

ಕ್ವೀನ್ಸ್ ವಾಸಿಯವರ ಕೊನೆಯ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ‘ವಿದ್ಯುತ್ ಒಂದೇ ರೀತಿ ಹೋಯಿತು’ ಎಂಬುದನ್ನು ಮೂವತ್ತಮೂರು ವರ್ಷ ಕಂಟ್ರೋಲ್ ರೂಮಿನಲ್ಲಿ ಕುಳಿತವನಾಗಿ ಹಾಗೆಯೇ ಬಿಡಲಾರೆ. ಆ ರಾತ್ರಿಯ ಕಥೆಯನ್ನು ನಮ್ಮ ತರಬೇತಿಯಲ್ಲಿ ಪಾಠವಾಗಿ ಹೇಳುತ್ತಿದ್ದರು.

ರಾತ್ರಿ 8.37ಕ್ಕೆ ಹಡ್ಸನ್ ನದಿಯ ಪಕ್ಕದ ಬುಕ್ಯಾನನ್ ಸಬ್‌ಸ್ಟೇಷನ್ನಿನ ಬಳಿ ಸಿಡಿಲು ಬಡಿದು ಎರಡು ಲೈನುಗಳು ಟ್ರಿಪ್ ಆದವು, ಅಂದರೆ ತಾವಾಗಿ ಕಡಿದುಕೊಂಡವು. ಸಾಮಾನ್ಯವಾಗಿ ಲೈನನ್ನು ಕಡಿಯುವ ಬ್ರೇಕರ್ ತಾನಾಗಿ ಮತ್ತೆ ಕೂಡಿಕೊಳ್ಳಬೇಕು; ಒಂದು ಸಡಿಲವಾದ ನಟ್ಟಿನಿಂದಾಗಿ ಕೂಡಿಕೊಳ್ಳಲಿಲ್ಲ. ಇಂಡಿಯನ್ ಪಾಯಿಂಟ್ ಅಣುಸ್ಥಾವರದ ಘಟಕವೊಂದು ಅದರ ಜೊತೆಯಲ್ಲೇ ಕಳಚಿಕೊಂಡಿತು. ಹದಿನೆಂಟು ನಿಮಿಷದ ಮೇಲೆ ಎರಡನೆಯ ಸಿಡಿಲು, ಇನ್ನೆರಡು ಲೈನು. ಉಳಿದ ಲೈನುಗಳ ಮೇಲೆ ಹೊರೆ ಏರುತ್ತ ಹೋಯಿತು. ಆ ಹೊತ್ತಿಗೆ ನಗರದ ವಿದ್ಯುತ್ ಕಂಪನಿಯ ಆಪರೇಟರ್ ಮಾಡಬೇಕಾದ ಕೆಲಸ ಒಂದೇ: ಲೋಡ್ ಶೆಡ್ಡಿಂಗ್. ಊರಿನ ಒಂದಷ್ಟು ಭಾಗವನ್ನು ತಾನೇ ಕತ್ತಲು ಮಾಡಿ ಉಳಿದದ್ದನ್ನು ಉಳಿಸಿಕೊಳ್ಳುವುದು. ರಾಜ್ಯದ ವಿದ್ಯುತ್ ಜಾಲದ ಕೇಂದ್ರದಿಂದ ಅವನಿಗೆ ಫೋನಿನ ಮೇಲೆ ಫೋನು ಬಂತು, ಲೋಡ್ ತೆಗೆ, ಲೋಡ್ ತೆಗೆ ಎಂದು. ಅವನು ಮೊದಲು ವೋಲ್ಟೇಜ್ ಇಳಿಸಿ ನೋಡಿದ, ಸಣ್ಣ ಜನರೇಟರುಗಳಿಗಾಗಿ ಕಾದ. ಕೊನೆಗೆ ತೆಗೆಯಲು ಹೋದಾಗ ಅದು ಆಗಲಿಲ್ಲ. 9.27ಕ್ಕೆ ‘ಬಿಗ್ ಆಲಿಸ್’ ಎಂದು ಕರೆಯುತ್ತಿದ್ದ ನಗರದ ದೊಡ್ಡ ಜನರೇಟರ್ ಹೋಯಿತು. 9.36ಕ್ಕೆ ಎಲ್ಲ ಮುಗಿದಿತ್ತು. ಮರಳಿ ಎಲ್ಲೆಡೆ ದೀಪ ಬರಲು ಸುಮಾರು 25 ಗಂಟೆ ಹಿಡಿಯಿತು.

ಕರ್ನಾಟಕದಲ್ಲಿ ಆ ವರ್ಷಗಳಲ್ಲಿ ಶರಾವತಿಯ ನೀರು ಇಳಿದರೆ ಸಾಕು, ಯಾವ ಫೀಡರನ್ನು ಎಷ್ಟು ಹೊತ್ತಿಗೆ ತೆಗೆಯಬೇಕೆಂಬುದು ನಮಗೆ ಮಗ್ಗಿಯ ಹಾಗೆ ಬಾಯಿಪಾಠವಾಗಿತ್ತು. ದೂರು ಕೇಳಿ ಕೇಳಿ ಕಿವಿ ಗಟ್ಟಿಯಾಗಿತ್ತು. ಆ ಮನುಷ್ಯನಿಗೆ ಕೈ ಬರಲಿಲ್ಲ. ಸಮೃದ್ಧಿಯ ಊರಿನಲ್ಲಿ ಬೇಕೆಂದೇ ದೀಪ ಆರಿಸುವುದು ಅವನ ಅಭ್ಯಾಸದಲ್ಲಿ ಇರಲಿಲ್ಲ. ನಮ್ಮ ಮೂಲ ಲೇಖಕರ ವಾದ ಇಲ್ಲಿ ಒಂದಷ್ಟು ನಿಲ್ಲುತ್ತದೆ ಎಂದು ನನ್ನ ಅಭಿಪ್ರಾಯ: ಕೊರತೆಯನ್ನು ಹಂಚಿಕೊಳ್ಳುವುದು ಹೇಗೆಂದು ಆ ದೇಶ ಫೆಬ್ರವರಿಯಲ್ಲಿ ಕಲಿಯತೊಡಗಿ ಜುಲೈ ಹೊತ್ತಿಗೂ ಕಲಿತಿರಲಿಲ್ಲ.

ಬೆಳ್ಳಿಪರದೆ

ಆ ರಾತ್ರಿ ಲೂಟಿಯಾದ ವಸ್ತುಗಳಲ್ಲಿ ಟರ್ನ್‌ಟೇಬಲ್, ಆಂಪ್ಲಿಫೈಯರ್‌ಗಳೂ ಬಹಳ ಇದ್ದವು. ಮರುದಿನದಿಂದ ಬ್ರಾಂಕ್ಸ್‌ನ ಬೀದಿಗಳಲ್ಲಿ ಇದ್ದಕ್ಕಿದ್ದಂತೆ ಡಿಜೆಗಳ ಸಂಖ್ಯೆ ಏರಿತು ಎಂದು ಹಿಪ್‌ಹಾಪ್‌ನ ಮೊದಲ ತಲೆಮಾರಿನವರು ಹೇಳಿಕೊಂಡದ್ದುಂಟು. ಕಳ್ಳಮಾಲಿನಿಂದ ಒಂದು ಸಂಗೀತ ಬೆಳೆಯಿತು ಎನ್ನುವುದು ಅತಿಯಾಯಿತು, ಏಕೆಂದರೆ ಅದು 1973ರಿಂದಲೇ ಅಲ್ಲಿತ್ತು. ಆದರೂ ಕೇಳಲು ಚೆನ್ನಾಗಿದೆ.

ಎಲೆಕ್ಟ್ರಾನಿಕ್ ಸಿಟಿ

1977ರ ನಿಜವಾದ ಸುದ್ದಿಯನ್ನೇ ಯಾರೂ ಎತ್ತಿಲ್ಲವಲ್ಲ? ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೇಳದಲ್ಲಿ ಆಪಲ್ 2 ಕಂಪ್ಯೂಟರ್ ಕಾಣಿಸಿಕೊಂಡಿತು. ಆಗಸ್ಟ್‌ನಲ್ಲಿ ರೇಡಿಯೋ ಶ್ಯಾಕ್ ಅಂಗಡಿಗಳ ಟಿಆರ್‌ಎಸ್-80 ಬಂತು. ಸೆಪ್ಟೆಂಬರಿನಲ್ಲಿ 199 ಡಾಲರಿಗೆ ಅಟಾರಿಯ ಮನೆ-ವಿಡಿಯೋಗೇಮ್. ನಾವೆಲ್ಲ ಇವತ್ತು ಇಲ್ಲಿ ಬರೆಯುತ್ತಿರುವುದೇ ಅದರಿಂದ.

ಅವೆನ್ಯೂ ರಸ್ತೆಯ ಗಿರಾಕಿ

ನೀವು ಹೇಳುವುದು ಈಗಿನ ಕಣ್ಣಿನ ಸುದ್ದಿ. ಆಪಲ್ 2ರ ಬೆಲೆ 1,298 ಡಾಲರ್ ಇತ್ತು, ಅದೂ ಪರದೆ ಇಲ್ಲದೆ, 4 ಕಿಲೋಬೈಟ್ ಮೆಮೊರಿಗೆ. ಅಂದಿನ ಕನಿಷ್ಠ ಕೂಲಿ ಗಂಟೆಗೆ 2 ಡಾಲರ್ 30 ಸೆಂಟ್. ಅಂದರೆ ಕೂಲಿಯವನು ಹದಿನಾಲ್ಕು ವಾರ ದುಡಿದು, ಊಟವನ್ನೂ ಬಿಟ್ಟು ಕೊಳ್ಳಬೇಕು. ನನ್ನ ಎರಡೂ ಸಂಪುಟಗಳಲ್ಲಿ ಅದಕ್ಕೆ ಸಿಕ್ಕಿರುವ ಜಾಗ ಸ್ಯಾಕರಿನ್ ನಿಷೇಧದ ಗಲಾಟೆಗೆ ಸಿಕ್ಕಿದ್ದರ ಹತ್ತನೇ ಒಂದು ಪಾಲೂ ಇಲ್ಲ. ಮಾರ್ಚ್‌ನಲ್ಲಿ ಆ ಸಿಹಿಪುಡಿಯನ್ನು ನಿಷೇಧಿಸುತ್ತೇವೆ ಎಂದು ಸರ್ಕಾರ ಹೇಳಿದ್ದಕ್ಕೆ ಸಕ್ಕರೆ ಕಾಯಿಲೆಯವರಿಂದ ಹಿಡಿದು ತೆಳ್ಳಗಾಗಬೇಕೆಂದವರವರೆಗೆ ಎಲ್ಲರೂ ಸಂಸತ್ತಿಗೆ ಪತ್ರ ಬರೆದರು. ಕೊನೆಗೆ ಡಬ್ಬಿಯ ಮೇಲೆ ಎಚ್ಚರಿಕೆ ಮುದ್ರಿಸಿ ಸುಮ್ಮನಾದರು.

ಹಾಸನದ ಮೇಷ್ಟ್ರಮ್ಮ

ಇಷ್ಟು ಹೊತ್ತು ಓದಿದೆ. ನಿಮ್ಮ ಪಟ್ಟಿಯಲ್ಲಿ ಅಡುಗೆಮನೆ ಬಿಟ್ಟರೆ ಹೆಂಗಸರು ಎಲ್ಲೂ ಇಲ್ಲ. ಆ ವರ್ಷದ ನವೆಂಬರ್ 18ರಿಂದ 21ರವರೆಗೆ ಹ್ಯೂಸ್ಟನ್‌ನಲ್ಲಿ ಸರ್ಕಾರದ ಹಣದಿಂದಲೇ ರಾಷ್ಟ್ರೀಯ ಮಹಿಳಾ ಸಮ್ಮೇಳನ ನಡೆಯಿತು. ಎಲ್ಲ ರಾಜ್ಯಗಳಿಂದ ಆಯ್ಕೆಯಾದ ಸುಮಾರು 2,000 ಪ್ರತಿನಿಧಿಗಳು. ಒಬ್ಬ ಅಧ್ಯಕ್ಷರ ಪತ್ನಿ, ಇಬ್ಬರು ಮಾಜಿ ಅಧ್ಯಕ್ಷರ ಪತ್ನಿಯರು ಒಂದೇ ವೇದಿಕೆಯಲ್ಲಿ. 1848ರಲ್ಲಿ ಮಹಿಳಾ ಹಕ್ಕಿನ ಮೊದಲ ಸಭೆ ನಡೆದ ಸೆನೆಕಾ ಫಾಲ್ಸ್‌ನಿಂದ ಹೆಂಗಸರು ಸರದಿಯಲ್ಲಿ ಓಡುತ್ತ ಪಂಜನ್ನು ತಂದರು. ಇದನ್ನು ಯಾವ ಥರ್ಮೋಸ್ಟಾಟಿಗೆ ಸಿಕ್ಕಿಸುತ್ತೀರಿ?

ಅವೆನ್ಯೂ ರಸ್ತೆಯ ಗಿರಾಕಿ

ಸಿಕ್ಕಿಸಲಾರೆ ಮೇಡಂ. ಅದು ನನ್ನ ವಾದದಿಂದ ಹೊರಗೇ ಉಳಿಯುತ್ತದೆ. ‘ರೂಟ್ಸ್’ ವಿಷಯದಲ್ಲೂ ಕ್ವೀನ್ಸ್ ವಾಸಿಯವರಿಗೆ ಸೋತಿದ್ದೇನೆ.

ಓಹಾಯೋ ಅಜ್ಜಿ

ಹ್ಯೂಸ್ಟನ್ನಿನ ಸುದ್ದಿಯನ್ನು ನಾನೂ ಕೆಳಗಿನ ಮನೆಯವರೂ ಟೆಲಿವಿಷನ್ನಿನಲ್ಲಿ ನೋಡಿದೆವು, ಮೇಷ್ಟ್ರಮ್ಮ. ಆ ವಾರ ಅವರು ಲೈಸೆನ್ಸಿಗೆ ಕಾರು ಓಡಿಸುವುದನ್ನು ನನಗೆ ಕಲಿಸುತ್ತಿದ್ದರು. ನಮ್ಮವರಿಗೆ ಹೇಳಿರಲಿಲ್ಲ.

ಖಗೋಳ ಹವ್ಯಾಸಿ

ಒಂದು ಸಂಗತಿ ಕೂಡಿಸಲು ಅಪ್ಪಣೆ ಕೊಡಿ, ಇದು ಉರುವಲಿನ ಮಾತೇ. ಆಗಸ್ಟ್ 20ರಂದು ವಾಯೇಜರ್ 2, ಸೆಪ್ಟೆಂಬರ್ 5ರಂದು ವಾಯೇಜರ್ 1 ಎಂಬ ಬಾಹ್ಯಾಕಾಶ ನೌಕೆಗಳು ಫ್ಲೋರಿಡಾದಿಂದ ಹಾರಿದವು. ಎರಡರ ಮೈಮೇಲೂ ಚಿನ್ನದ ಲೇಪದ ತಾಮ್ರದ ತಟ್ಟೆ ಇದೆ. ಅದರಲ್ಲಿ 55 ಭಾಷೆಗಳ ಶುಭಾಶಯಗಳಿದ್ದು, ಕನ್ನಡಿಗರ ಪರವಾಗಿ ನಮಸ್ತೆ ಹೇಳುವ ಒಂದು ದನಿಯೂ ಸೇರಿದೆ. ಸ್ವೆಟರಿನ ಕಾರ್ಟರ್ ಅವರ ಸಂದೇಶವೂ ಇದೆ. ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಅವರ ಭೈರವಿ ರಾಗವೂ ಇದೆ. ವಾಯೇಜರ್ 1 ಹೊರಟ ಹನ್ನೊಂದನೆಯ ದಿನ, ಸೆಪ್ಟೆಂಬರ್ 16ರಂದು, ಆಕೆ ತೀರಿಕೊಂಡರು.

ಆ ನೌಕೆಗಳಿಗೆ ಸೂರ್ಯನ ಬೆಳಕು ಸಾಲದೆಂದು ಪ್ಲುಟೋನಿಯಮ್ಮಿನ ಕಾವಿನಿಂದ ವಿದ್ಯುತ್ ಕೊಟ್ಟರು. ಹೊರಡುವಾಗ ಸುಮಾರು 470 ವ್ಯಾಟ್ ಇತ್ತು, ನಮ್ಮ ಮಿಕ್ಸಿಗೆ ಬೇಕಾಗುವಷ್ಟು. ವರ್ಷಕ್ಕೆ ಸುಮಾರು 4 ವ್ಯಾಟ್ ಕಡಿಮೆಯಾಗುತ್ತ ಬಂದಿದೆ. ಉಳಿದ ವಿದ್ಯುತ್ ಸಾಲದಾದಾಗ ಎಂಜಿನಿಯರುಗಳು ಒಂದೊಂದೇ ಉಪಕರಣವನ್ನು, ಒಂದೊಂದೇ ಹೀಟರನ್ನು ಆರಿಸುತ್ತಿದ್ದಾರೆ.

ನಿವೃತ್ತ ಕೆಇಬಿ

ಅಂದರೆ ಅದು ಲೋಡ್ ಶೆಡ್ಡಿಂಗೇ. ಕ್ರಮಬದ್ಧವಾಗಿ, ಸಮಯಕ್ಕೆ ಸರಿಯಾಗಿ.

ಓಹಾಯೋ ಅಜ್ಜಿ

ಹೀಟರ್ ಆರಿಸಿದ ಮೇಲೆ ಅಲ್ಲಿರುವುದು ಕೆಲಸ ಮಾಡುತ್ತದೆಯೇ?

ಖಗೋಳ ಹವ್ಯಾಸಿ

ಮಾಡಿತು ಅಮ್ಮ. 2019ರಲ್ಲಿ ವಾಯೇಜರ್ 2ರ ಕಾಸ್ಮಿಕ್ ಕಿರಣಗಳ ಉಪಕರಣದ ಹೀಟರನ್ನು ಆರಿಸಿದರು. ಭೂಮಿಯ ಮೇಲೆ ಅದನ್ನು ಅಷ್ಟು ಚಳಿಗೆ ಪರೀಕ್ಷಿಸಿಯೇ ಇರಲಿಲ್ಲ. ಉಷ್ಣಾಂಶ ಸೊನ್ನೆಗಿಂತ 59 ಡಿಗ್ರಿ ಕೆಳಗಿಳಿಯಿತು, ಸೆಲ್ಸಿಯಸ್ ಲೆಕ್ಕದಲ್ಲಿ. ಮಾಹಿತಿ ಬರುತ್ತಲೇ ಇತ್ತು.